ಕೂಸಿಗೆ ಬೇಕಾದ್ದು ಬೋಳು ತೊಟ್ಟಿಲು

ಹುಬ್ಬಳ್ಳಿಯ ಓದುಗರೊಬ್ಬರ ಮನೆಯಲ್ಲಿ ತೊಟ್ಟಿಲಿನ ಜಗಳ ಎದ್ದಿದೆ. ಮಗಳ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಬೆಂಗಳೂರಿನಲ್ಲಿರುವ ಮಗಳು ಮಂಚದ ಮಗ್ಗುಲಿಗೆ ಜೋಡಿಸುವ ‘ಬೆಡ್‌ಸೈಡ್ ಕ್ರಿಬ್’ ತರಿಸಿ ಎನ್ನುತ್ತಾಳೆ. ಅಟ್ಟದ ಮೇಲೆ ಮನೆತನದ ಕಲಘಟಗಿ ತೊಟ್ಟಿಲು ಇರುವಾಗ ದುಡ್ಡು ದಂಡವೇಕೆ ಎಂದು ಅವಳ ತಾಯಿಯ ವಾದ. ಸಾಲದ್ದಕ್ಕೆ ಮಗಳ ಡಾಕ್ಟರು, ಕೂಸನ್ನು ಯಾವಾಗಲೂ ಅಂಗಾತವೇ ಮಲಗಿಸಬೇಕು, ದಿಂಬು ಕೂಡದು ಎಂದುಬಿಟ್ಟಿದ್ದಾರೆ. ‘ಅಂಗಾತ ಮಲಗಿದ ಕೂಸು ಹಾಲು ಕಕ್ಕಿದರೆ ಅದು ಉಸಿರಿನ ಕೊಳವೆಗೆ ಇಳಿಯುವುದಿಲ್ಲವೇ? ಅಂದಹಾಗೆ, ಯಾವ ತೊಟ್ಟಿಲು ಕೊಳ್ಳಲಿ?’ ಎಂದು ಕೇಳಿ ಬರೆದಿದ್ದಾರೆ.

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು, ಆಮೇಲೆ ಹೇಳುತ್ತೇನೆ. ಮೊದಲನೆಯದು ಮಾತ್ರ ಸೊಗಸಾದ ಪ್ರಶ್ನೆ. ಮುಕ್ಕಾಲುಪಾಲು ಮನೆಗಳಲ್ಲಿ ಅಜ್ಜಿಯರು ಕೇಳುವುದೂ ಇದನ್ನೇ, ಉತ್ತರ ಇರುವುದು ಅವರು ಎಣಿಸಿದ್ದಕ್ಕೆ ತೀರಾ ಉಲ್ಟಾ.

ನಿಮ್ಮ ಗಂಟಲ ಕುಳಿಯ ಸ್ವಲ್ಪ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿ. ಬಳೆ ಜೋಡಿಸಿದಂತೆ ಗಟ್ಟಿಯಾದ ಏಣುಗಳು ಸಿಗುತ್ತವೆ. ಅದು ಶ್ವಾಸನಾಳ. ಅನ್ನನಾಳ ಕೈಗೆ ಸಿಗುವುದಿಲ್ಲ, ಏಕೆಂದರೆ ಅದು ಶ್ವಾಸನಾಳದ ಹಿಂದೆ, ಬೆನ್ನುಮೂಳೆಯ ಕಡೆಗಿದೆ. ಕುತ್ತಿಗೆಯಲ್ಲಿ ಗಾಳಿಯ ದಾರಿ ಮುಂದೆ, ಅನ್ನದ ದಾರಿ ಹಿಂದೆ. ಇಷ್ಟು ನೆನಪಿಟ್ಟುಕೊಂಡು ಕೂಸನ್ನು ಅಂಗಾತ ಮಲಗಿಸಿ ನೋಡಿ. ಮುಂದಿದ್ದದ್ದು ಮೇಲಾಯಿತು, ಹಿಂದಿದ್ದದ್ದು ಕೆಳಗಾಯಿತು. ಹೊಟ್ಟೆಯಿಂದ ಉಕ್ಕಿ ಬಂದ ಹಾಲು ಕೆಳಗಿನ ಕೊಳವೆಯಲ್ಲೋ ಗಂಟಲಿನ ಹಿಂಭಾಗದಲ್ಲೋ ನಿಲ್ಲುತ್ತದೆ. ಅದು ಶ್ವಾಸನಾಳದ ಬಾಯಿ ಸೇರಬೇಕಾದರೆ ಭೂಮಿಯ ಸೆಳೆತಕ್ಕೆ ಎದುರಾಗಿ ಮೇಲೆ ಹತ್ತಬೇಕು. ನೆಲಮಹಡಿಯ ಬಚ್ಚಲು ಕಟ್ಟಿಕೊಂಡರೆ ನೀರು ಮೇಲಂತಸ್ತಿನ ಮನೆಗೆ ನುಗ್ಗುವುದಿಲ್ಲವಷ್ಟೆ?

ಅದೇ ಕೂಸನ್ನು ಬೋರಲು ಹಾಕಿ. ಈಗ ಅನ್ನನಾಳ ಮೇಲೆ, ಶ್ವಾಸನಾಳ ಕೆಳಗೆ. ಉಕ್ಕಿದ ಹಾಲು ಸೋರಿ ನಿಲ್ಲುವುದು ಶ್ವಾಸನಾಳದ ಬಾಯಿಯ ಬಳಿಯಲ್ಲೇ. ಅಜ್ಜಿ ಹೆದರುವ ಅಪಾಯ ಇರುವುದು ಅಜ್ಜಿ ಸುರಕ್ಷಿತ ಎಂದುಕೊಂಡಿರುವ ಭಂಗಿಯಲ್ಲಿ!

ಕೊಳವೆಗಳ ಜೊತೆಗೆ ಕಾವಲೂ ಇದೆ. ಗಂಟಲಿಗೆ ದ್ರವ ತಗುಲಿದೊಡನೆ ಆರೋಗ್ಯವಂತ ಕೂಸು ನಿದ್ದೆಯಲ್ಲೇ ನುಂಗುತ್ತದೆ, ಕೆಮ್ಮುತ್ತದೆ, ಇಲ್ಲವೇ ಎಚ್ಚರಗೊಳ್ಳುತ್ತದೆ. ಬೋರಲು ಮಲಗಿದಾಗ ಈ ನುಂಗುವಿಕೆ ಕಡಿಮೆಯಾಗುತ್ತದೆ, ನಿದ್ದೆ ಗಾಢವಾಗುತ್ತದೆ, ಎಚ್ಚರ ತಡವಾಗುತ್ತದೆ. ‘ಬೋರಲು ಹಾಕಿದರೆ ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತೆ ನೋಡಿ’ ಎಂದು ಹಿಗ್ಗುವವರಿದ್ದಾರೆ. ಆ ಅತಿ ನಿದ್ದೆಯೇ ತೊಂದರೆ. ಹಸುಗೂಸಿಗೆ ಸುಲಭವಾಗಿ ಎಚ್ಚರವಾಗುವುದೇ ರಕ್ಷೆ. ಹಾಲು ಪದೇ ಪದೇ ಕಕ್ಕುವ ಕೂಸುಗಳಿಗೂ ನಿಯಮ ಇದೇ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಆಸ್ಪತ್ರೆಯಲ್ಲಿ ಬೋರಲು ಮಲಗಿಸುವುದುಂಟು, ಆದರೆ ಅಲ್ಲಿ ಪಕ್ಕದಲ್ಲಿ ಮಾನಿಟರ್ ಇರುತ್ತದೆ, ದಾದಿಯರಿರುತ್ತಾರೆ.

ಹಾಲು ಉಸಿರುಗಟ್ಟಿಸೀತು ಎಂಬ ಭಯ ಹುಬ್ಬಳ್ಳಿಯದಷ್ಟೇ ಅಲ್ಲ. ಅಮೆರಿಕದ ಡಾ. ಬೆಂಜಮಿನ್ ಸ್ಪಾಕ್ ಬರೆದ ಶಿಶುಪಾಲನೆಯ ಪುಸ್ತಕ ಕಳೆದ ಶತಮಾನದಲ್ಲಿ ಲೋಕದಾದ್ಯಂತ ಮನೆಮಾತಾಗಿತ್ತು. ಅದರ 1958ರ ಆವೃತ್ತಿಯಲ್ಲಿ ಅವರು ಕೂಸನ್ನು ಬೋರಲು ಮಲಗಿಸುವುದೇ ಮೇಲು ಎಂದರು. ಕೊಟ್ಟ ಕಾರಣ ಎರಡು: ಅಂಗಾತ ಮಲಗಿದರೆ ವಾಂತಿ ಗಂಟಲಿಗೆ ಸಿಕ್ಕಿಕೊಂಡೀತು, ತಲೆ ಒಂದು ಕಡೆ ಚಪ್ಪಟೆಯಾದೀತು. ಎಷ್ಟೋ ದೇಶಗಳ ತಾಯಂದಿರು ಅದನ್ನು ನಂಬಿದರು. ಮುಂದೆ ಲೆಕ್ಕ ಹಾಕಿದವರಿಗೆ ಕಂಡದ್ದು ದಾರುಣ ಸತ್ಯ. ಬೋರಲು ಮಲಗಿಸುವುದರ ಅಪಾಯಕ್ಕೆ 1970ರ ಹೊತ್ತಿಗೇ ಪುರಾವೆಗಳಿದ್ದವು. ಯಾರಾದರೂ ಅವನ್ನೆಲ್ಲ ಒಟ್ಟಿಗೆ ಕೂಡಿಸಿ ನೋಡಿದ್ದರೆ ಬ್ರಿಟನ್ ಒಂದರಲ್ಲೇ 10,000ಕ್ಕೂ ಹೆಚ್ಚು ಕೂಸುಗಳು ಉಳಿಯುತ್ತಿದ್ದವು ಎಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಬ್ರಿಟನ್ 1991ರಲ್ಲಿ, ಅಮೆರಿಕ 1994ರಲ್ಲಿ ‘ಅಂಗಾತ ಮಲಗಿಸಿ’ ಎಂಬ ಪ್ರಚಾರ ಶುರು ಮಾಡಿದವು. ಅಮೆರಿಕದಲ್ಲಿ ನಿದ್ದೆಯಲ್ಲಿ ಸಂಭವಿಸುವ ಶಿಶುಗಳ ಹಠಾತ್ ಸಾವು ಮುಂದಿನ ವರ್ಷಗಳಲ್ಲಿ ಸುಮಾರು ಅರ್ಧಕ್ಕಿಳಿಯಿತು. ವಾಂತಿ ಸಿಕ್ಕಿಕೊಂಡು ಸಾಯುವ ಕೂಸುಗಳ ಸಂಖ್ಯೆ? ಅದು ಏರಲೇ ಇಲ್ಲ.

ಇಂಥ ಸಾವಿನ ಬೆಳಿಗ್ಗೆ ನಮ್ಮಲ್ಲಿ ಏನು ನಡೆಯುತ್ತದೆ? ಬಾಲಗ್ರಹ ಎನ್ನುತ್ತಾರೆ, ಯಾರದೋ ಕೆಟ್ಟ ಕಣ್ಣು ಎನ್ನುತ್ತಾರೆ, ಕೊನೆಗೆ ಬಾಣಂತಿಯ ಕಾಲ್ಗುಣಕ್ಕೆ ತಂದು ಕಟ್ಟುತ್ತಾರೆ. ಹಠಾತ್ ಸಾವಿನ ಎಲ್ಲ ಕಾರಣಗಳೂ ವಿಜ್ಞಾನಕ್ಕೆ ಗೊತ್ತಾಗಿಲ್ಲ, ನಿಜ. ಆದರೆ ಅಪಾಯ ತಗ್ಗಿಸುವ ದಾರಿ ಗೊತ್ತಿದೆ, ಅದರಲ್ಲಿ ಮಂತ್ರ ತಾಯಿತಗಳಿಗೆ ಜಾಗವಿಲ್ಲ. ದೃಷ್ಟಿಗೆಂದು ಕೂಸಿನ ಕೊರಳಿಗೆ ಕಟ್ಟುವ ಕರಿದಾರ ಎಲ್ಲಿಗಾದರೂ ಸಿಕ್ಕಿ ಬಿಗಿದರೆ ಉರುಳಾಗುತ್ತದೆ. ದಿಂಬಿನಡಿ ಇಡುವ ಚಾಕುವಿಗೆ ಯಾವ ಪೀಡೆಯೂ ಹೆದರಿದ್ದನ್ನು ಯಾರೂ ಕಂಡಿಲ್ಲ. ಕೋಣೆಯ ಬಾಗಿಲು ಹಾಕಿ ತುಂಬುವ ಸಾಂಬ್ರಾಣಿ ಹೊಗೆ ಆ ಪುಟ್ಟ ಶ್ವಾಸಕೋಶಕ್ಕೆ ಬರೀ ಹೊಗೆ. ಮನೆಯೊಳಗೆ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ ಆ ಪೀಡೆಯನ್ನು ಮೊದಲು ಹೊರಗೆ ಹಾಕಿ. ತಂಬಾಕಿನ ಹೊಗೆಗೂ ಹಠಾತ್ ಸಾವಿಗೂ ನಂಟಿರುವುದು ಚೆನ್ನಾಗಿ ಸಾಬೀತಾಗಿದೆ. ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಹೊಟ್ಟೆನೋವು ಎಂಬ ನಂಬಿಕೆಯಿಂದ ಮಾತ್ರ ಯಾರಿಗೂ ಕೇಡಿಲ್ಲ, ಅದನ್ನು ಬಿಟ್ಟುಬಿಡೋಣ.

ಇನ್ನು ಹಾಸಿಗೆ. ಓದುಗರ ಪತ್ರ ಕೈಯಲ್ಲಿ ಹಿಡಿದೇ ಮಕ್ಕಳ ಸಾಮಾನಿನ ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದೆ. ತೋರಿಕೆಗಿಟ್ಟ ತೊಟ್ಟಿಲೊಳಗೆ ಕೂಸಿಗೆ ಜಾಗವೇ ಇರಲಿಲ್ಲ: ನಡುವೆ ಗುಳಿಯಿರುವ ದಿಂಬು, ಎರಡು ಪಕ್ಕ ಉದ್ದದ ಲೋಡು, ಸುತ್ತ ಹತ್ತಿ ತುಂಬಿದ ಮೆತ್ತೆ, ಮೂಲೆಯಲ್ಲೊಂದು ಕರಡಿ. ಹಾಸಿಗೆಯ ಮೇಲೆ ಅಂಗೈ ಒತ್ತಿ ಎತ್ತಿದೆ. ಐದೂ ಬೆರಳಿನ ಗುರುತು ಹಾಗೇ ಉಳಿದು ನಿಧಾನವಾಗಿ ತುಂಬಿಕೊಂಡಿತು. ‘ತುಂಬಾ ಸಾಫ್ಟು ಸಾರ್’ ಎಂದ ಹುಡುಗ ಹೆಮ್ಮೆಯಿಂದ.

ಆ ಮೆತ್ತಗೇ ಬೇಡವಾದದ್ದು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಬ್ರಾಡ್ಲಿ ಥ್ಯಾಕ್ ಮತ್ತು ಜೇಮ್ಸ್ ಕೆಂಪ್ ಎಂಬ ವೈದ್ಯರು 1991ರಲ್ಲಿ ಪ್ರಕಟಿಸಿದ ಅಧ್ಯಯನ ಥರ್ಮೋಕೋಲ್ ಮಣಿ ತುಂಬಿದ ಮೆತ್ತೆಗಳ ಮೇಲೆ ಸತ್ತ ಕೂಸುಗಳ ಕುರಿತದ್ದು. ಮುಖ ಮೆತ್ತೆಯಲ್ಲಿ ಹೂತಾಗ ಅಲ್ಲೊಂದು ಗುಳಿ ಬೀಳುತ್ತದೆ. ಬಿಟ್ಟ ಉಸಿರು ಆ ಗುಳಿಯಲ್ಲೇ ನಿಂತು ಕೂಸು ಅದನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಪ್ರತಿ ಸಲಕ್ಕೂ ಆಮ್ಲಜನಕ ಕಮ್ಮಿ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ನೀವಾದರೆ ತಲೆ ಹೊರಳಿಸುತ್ತೀರಿ. ಹಸುಗೂಸಿನ ಕುತ್ತಿಗೆಗೆ ಆ ಕಸುವಿಲ್ಲ. ನಮ್ಮ ಸಾಸಿವೆ ದಿಂಬಿಗೂ ಇದೇ ಮಾತು. ತಲೆ ದುಂಡಗಾಗಲೆಂದು ಅದನ್ನು ಇಡುತ್ತಾರೆ. ತಲೆಗೆ ಆಕಾರ ಕೊಡುವ ಇಂಥ ದಿಂಬುಗಳನ್ನು ಬಳಸಲೇಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಎಚ್ಚರಿಸಿತು. ತಲೆ ಚಪ್ಪಟೆಯಾಗದಿರಲು ಮಲಗಿಸುವಾಗ ಮುಖವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದರಾಯಿತು. ಕೂಸು ಎಚ್ಚರವಿದ್ದಾಗ, ನಿಮ್ಮ ಕಣ್ಣೆದುರು, ಸ್ವಲ್ಪ ಹೊತ್ತು ಬೋರಲು ಆಡಿಸಿ. ಬೋರಲಿಗೆ ಸರಿಯಾದ ಹೊತ್ತು ಅದು.

ಇಳಿಜಾರೂ ಬೇಡ. ಫಿಶರ್ ಪ್ರೈಸ್ ಕಂಪನಿ 2009ರಲ್ಲಿ ‘ರಾಕ್ ಎನ್ ಪ್ಲೇ’ ಎಂಬ ತೊಟ್ಟಿಲನ್ನು ಮಾರುಕಟ್ಟೆಗೆ ತಂದಿತು. ಕೂಸು ಸುಮಾರು 30 ಡಿಗ್ರಿ ಓರೆಯಾಗಿ, ಅರ್ಧ ಕುಳಿತಂತೆ ಮಲಗುತ್ತಿತ್ತು. ಹಾಲು ಕಕ್ಕುವುದಿಲ್ಲವೆಂದು ತಾಯಂದಿರು ಮುಗಿಬಿದ್ದರು. ಹಸುಗೂಸಿನ ತಲೆ ಮೈಯ ನಾಲ್ಕನೇ ಒಂದು ಭಾಗದಷ್ಟು ಉದ್ದ, ಭಾರವೂ ಹೆಚ್ಚು. ಓರೆಯಾಗಿ ಮಲಗಿದಾಗ ಅದು ಮುಂದಕ್ಕೆ ವಾಲಿ ಗದ್ದ ಎದೆಗೆ ಅಂಟಿದರೆ ಗಾಳಿಯ ಕೊಳವೆ ಮಡಚಿಕೊಳ್ಳುತ್ತದೆ. 30ಕ್ಕೂ ಹೆಚ್ಚು ಕೂಸುಗಳು ಸತ್ತ ಮೇಲೆ, 2019ರಲ್ಲಿ, 47 ಲಕ್ಷ ತೊಟ್ಟಿಲುಗಳನ್ನು ಹಿಂದಕ್ಕೆ ಕರೆಸಲಾಯಿತು. ಎರಿನ್ ಮ್ಯಾನೆನ್ ಎಂಬ ಎಂಜಿನಿಯರ್ ಕೂಸುಗಳ ಸ್ನಾಯುಗಳ ಕೆಲಸವನ್ನು ಅಳೆದು, 10 ಡಿಗ್ರಿಗಿಂತ ಹೆಚ್ಚಿನ ಓರೆ ನಿದ್ದೆಗೆ ಸಲ್ಲದು ಎಂದು ತೋರಿಸಿದರು. ಅಮೆರಿಕದಲ್ಲಿ ಓರೆ ತೊಟ್ಟಿಲು ಮತ್ತು ಸುತ್ತ ಕಟ್ಟುವ ಮೆತ್ತೆ ಎರಡನ್ನೂ 2022ರ ಕಾನೂನು ನಿಷೇಧಿಸಿದೆ. ನಮ್ಮ ಸೀರೆ ಜೋಲಿಯಲ್ಲೂ ಕೂಸಿನ ಬೆನ್ನು ಬಾಗಿ ಗದ್ದ ಎದೆಗೆ ಬರುತ್ತದೆ. ಹೊಲದಲ್ಲಿ ಮರದ ಕೊಂಬೆಗೆ ಜೋಲಿ ಕಟ್ಟುವ ತಾಯಿಗೆ ಬೇರೆ ದಾರಿಯಿಲ್ಲ, ಆಕೆಯನ್ನು ಬೈಯಲಾರೆ. ಮನೆಯಲ್ಲಿ, ರಾತ್ರಿಯಿಡೀ, ಯಾರೂ ನೋಡದಿರುವಾಗ ಜೋಲಿ ಬೇಡ.

ಹಾಗಾದರೆ ಕೂಸಿನ ಸುಖ? ನಮಗೆ ಮೆತ್ತಗಿದ್ದರೆ ಸುಖ. ಕೂಸಿಗೆ ಸುಖವೆಂದರೆ ಅಮ್ಮನ ಮೈ. ಇದನ್ನು ಜಪಾನಿನ ರೈಕೆನ್ ಸಂಸ್ಥೆಯಲ್ಲಿ ಕುಮಿ ಕುರೋಡ ಮತ್ತು ಸಂಗಡಿಗರು ಚೆಂದವಾಗಿ ಅಳೆದಿದ್ದಾರೆ. ಅಳುವ ಕೂಸನ್ನು ಎತ್ತಿಕೊಂಡು ಅಮ್ಮ ನಡೆಯತೊಡಗಿದೊಡನೆ ಅಳು ತಗ್ಗಿ ಎದೆಬಡಿತ ನಿಧಾನವಾಗುತ್ತದೆ. ಅಮ್ಮ ಕೂತೊಡನೆ ಮತ್ತೆ ಏರುತ್ತದೆ. ಇಲಿಮರಿಗಳಲ್ಲೂ ಹೀಗೇ ಎಂದು 2013ರಲ್ಲಿ ಇವರು ತೋರಿಸಿದ್ದರು. ತಾಯಿ ಕಚ್ಚಿಕೊಂಡು ಓಡುವಾಗ ಮರಿ ಕೈಕಾಲು ಮುದುರಿ ಗಪ್‌ಚಿಪ್ಪಾಗುತ್ತದೆ. ಸಾಗಿಸುವಾಗ ಗಲಾಟೆ ಮಾಡಿದ ಮರಿ ಬೇಟೆಗಾರನ ಬಾಯಿಗೆ ಬೀಳುವುದು ಹೆಚ್ಚು, ಆದ್ದರಿಂದ ಸುಮ್ಮನಾಗುವ ಗುಣ ಉಳಿದು ಬಂದಿರಬೇಕು.

2022ರಲ್ಲಿ ಅದೇ ತಂಡ 21 ಕೂಸುಗಳ ಎದೆಬಡಿತವನ್ನು ಅಳೆಯುತ್ತ, ಮಲಗಿಸುವ ಗಳಿಗೆಯನ್ನು ನೋಡಿತು. ಎಷ್ಟೋ ತಾಯಂದಿರ ಗೋಳು ಗೊತ್ತಲ್ಲ: ತೋಳಲ್ಲಿ ನಿದ್ದೆ ಹೋದ ಕೂಸು ತೊಟ್ಟಿಲಿಗೆ ಹಾಕಿದೊಡನೆ ‘ಙೇ’ ಎನ್ನುತ್ತದೆ. ಬೆನ್ನು ಹಾಸಿಗೆಗೆ ತಾಗುವುದೇ ಕಾರಣ ಎಂದು ಎಲ್ಲರೂ ಭಾವಿಸಿದ್ದರು. ಅಲ್ಲ! ಕೂಸಿನ ಮೈ ಅಮ್ಮನ ಮೈಯಿಂದ ಬಿಡಿಸಿಕೊಳ್ಳುವ ಕ್ಷಣದಲ್ಲೇ ಎದೆಬಡಿತ ಬದಲಾಗುತ್ತದೆ. ಹಾಸಿಗೆ ಇನ್ನೂ ತಾಗಿಯೇ ಇರುವುದಿಲ್ಲ. ನೀವು ಎಷ್ಟು ದುಬಾರಿಯ ಹಾಸಿಗೆ ತಂದರೂ ಕೂಸು ಅದಕ್ಕೆ ಮುಂಚೆಯೇ ತನ್ನ ತೀರ್ಪು ಕೊಟ್ಟಾಗಿದೆ. ತಂಡದ ಸಲಹೆ ಇದು: ಕೂಸನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಹದದಲ್ಲಿ ನಡೆಯಿರಿ. ನಿದ್ದೆ ಬಂದ ಮೇಲೆ ಎತ್ತಿಕೊಂಡೇ ಐದರಿಂದ ಎಂಟು ನಿಮಿಷ ಸುಮ್ಮನೆ ಕೂತಿರಿ. ಆಮೇಲೆ ಮಲಗಿಸಿ.

ಮಂಚದ ಮಗ್ಗುಲಿನ ತೊಟ್ಟಿಲಿಗೆ ಅರ್ಥ ಬರುವುದು ಇಲ್ಲಿ. ಕೂಸು ಬೇರೆ ಹಾಸಿಗೆಯಲ್ಲಿರುತ್ತದೆ, ಆದರೆ ಅಮ್ಮನ ಕೈಯಳತೆಯಲ್ಲೇ ಇರುತ್ತದೆ. ಮೊದಲ ಆರು ತಿಂಗಳಾದರೂ ಕೂಸು ಅಪ್ಪ ಅಮ್ಮನ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಲಿ ಎನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ. ಇಂಗ್ಲೆಂಡಿನ ನ್ಯೂಕಾಸಲ್ ಆಸ್ಪತ್ರೆಯ ಬಾಣಂತಿ ವಾರ್ಡಿನಲ್ಲಿ ಹೆಲೆನ್ ಬಾಲ್ ರಾತ್ರಿಯಿಡೀ ವಿಡಿಯೊ ಹಿಡಿದು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೂರದ ತೊಟ್ಟಿಲಿನ ಕೂಸುಗಳಿಗಿಂತ ಮಂಚಕ್ಕೆ ಅಂಟಿಸಿದ ತೊಟ್ಟಿಲಿನ ಕೂಸುಗಳು ಹೆಚ್ಚು ಸಲ ಎದೆಹಾಲಿಗೆ ಬಾಯಿ ಹಾಕಿದವು.

ಇನ್ನು ಕೊಳ್ಳುವ ಮಾತು. ಅಂಗೈ ಒತ್ತಿ ತೆಗೆದರೆ ಹಾಸಿಗೆಯಲ್ಲಿ ಗುರುತು ಉಳಿಯಬಾರದು. ಹಾಸಿಗೆ ಸಪಾಟಾಗಿರಬೇಕು, ಚೌಕಟ್ಟಿಗೂ ಅದಕ್ಕೂ ನಡುವೆ ಸಂದು ಇರಬಾರದು. ತೊಟ್ಟಿಲಿನ ಹಾಸಿಗೆ ಮತ್ತು ನಿಮ್ಮ ಹಾಸಿಗೆ ಒಂದೇ ಎತ್ತರಕ್ಕೆ ಬರಬೇಕು. ಬೆಲ್ಟು ಬಿಗಿದ ಮೇಲೆ ತೊಟ್ಟಿಲನ್ನು ಜಗ್ಗಿ ನೋಡಿ, ಮಂಚಕ್ಕೂ ಅದಕ್ಕೂ ನಡುವೆ ಬೆರಳು ತೂರುವಂತಿದ್ದರೆ ಆ ತೊಟ್ಟಿಲು ನಿಮ್ಮ ಮಂಚಕ್ಕಲ್ಲ. ಇವುಗಳ ಕಾಲು ಸಾಮಾನ್ಯವಾಗಿ ಮಂಚದಡಿಗೆ ಹೋಗಬೇಕು. ನಮ್ಮ ಎಷ್ಟೋ ಮನೆಗಳ ಮಂಚದಡಿ ಪೆಟ್ಟಿಗೆಯೇ ಇರುವುದರಿಂದ ಅದು ಹೋಗುವುದಿಲ್ಲ, ಮೊದಲೇ ಅಳತೆ ತೆಗೆದುಕೊಳ್ಳಿ. ಮರದ ಕಡ್ಡಿಗಳಿದ್ದರೆ ನಡುವಿನ ಸಂದು 6 ಸೆಂಟಿಮೀಟರಿಗಿಂತ ಕಡಿಮೆ ಇರಲಿ. ಕೂಸು ಮಗುಚಲು, ಕೈಯೂರಿ ಏಳಲು ಕಲಿತ ದಿನ ಈ ತೊಟ್ಟಿಲಿನ ಕೆಲಸ ಮುಗಿಯಿತು. ಬೇಸಿಗೆಯಲ್ಲಿ ಕುಲಾವಿ, ಕೌದಿ ಹೊದಿಸಿ ಬೇಯಿಸಬೇಡಿ. ಕುಲಾವಿ ಹುಟ್ಟಿದ ಮೊದಲ ಗಂಟೆಗಳಿಗೆ, ಹೊರಗಿನ ಚಳಿಗೆ.

ಕಲಘಟಗಿ ತೊಟ್ಟಿಲನ್ನು ಅಟ್ಟದಿಂದ ಇಳಿಸಿ, ಅರಗಿನ ಬಣ್ಣದ ಚಿತ್ರಗಳನ್ನು ಒರೆಸಿ, ನಾಮಕರಣಕ್ಕೆ ಧಾರಾಳವಾಗಿ ಕಟ್ಟಿ. ಹಗಲಲ್ಲಿ ಯಾರಾದರೂ ಪಕ್ಕದಲ್ಲಿ ಕೂತು ತೂಗಲಿ. ರಾತ್ರಿಗೆ ಮಗಳು ಕೇಳಿದ್ದನ್ನೇ ಕೊಡಿಸಿ. ನೆಲದ ಮೇಲೆ ಮಲಗುವ ಮನೆಯಾದರೆ ಏನೂ ಕೊಳ್ಳಬೇಕಿಲ್ಲ, ಬಾಣಂತಿಯ ಪಕ್ಕದಲ್ಲಿ ಕೂಸಿಗೊಂದು ತೆಳ್ಳನೆಯ ಗಟ್ಟಿ ಹಾಸು ಸಾಕು.

ಕೊನೆಗೊಂದು ಮಾತು, ಇದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ದಿನವೂ ಅಂಗಾತ ಮಲಗಿ ರೂಢಿಯಾದ ಕೂಸನ್ನು ಒಂದು ದಿನ ಯಾರೋ ಬೋರಲು ಮಲಗಿಸಿದರೆ, ಆಗಿನ ಅಪಾಯ ದಿನವೂ ಬೋರಲು ಮಲಗುವ ಕೂಸಿನದಕ್ಕಿಂತ ಹೆಚ್ಚು. ಆದ್ದರಿಂದ ಅಮ್ಮನೊಬ್ಬಳಿಗೆ ಗೊತ್ತಿದ್ದರೆ ಸಾಲದು. ಎಣ್ಣೆ ನೀರು ಹಾಕುವವರಿಗೆ, ಅಜ್ಜ ಅಜ್ಜಿಗೆ, ಚಿಕ್ಕಮ್ಮನಿಗೆ, ಕೂಸನ್ನು ಎತ್ತಿಕೊಳ್ಳುವ ಪ್ರತಿಯೊಬ್ಬರಿಗೂ ಹೇಳಿ: ಒಂದು ವರ್ಷ ತುಂಬುವವರೆಗೆ ಪ್ರತಿ ನಿದ್ದೆಗೂ ಅಂಗಾತ, ಸಪಾಟು, ಗಟ್ಟಿ, ಬೋಳು.