ಜೋಳಿಗೆಯಿಂದ ಎದ್ದ ವಿದ್ಯಾಕೇಂದ್ರ

ಗರಡಿಯಲ್ಲಿ ಪಳಗಿದ ವ್ಯಾಯಾಮಪಟುವೊಬ್ಬರು ವಿದ್ಯಾಸಂಸ್ಥೆಗಳ ನಿರ್ಮಾಪಕರಾದದ್ದು ಚಿತ್ರದುರ್ಗ ಜಿಲ್ಲೆಯ ಇತಿಹಾಸದ ಒಂದು ವಿಶಿಷ್ಟ ಅಧ್ಯಾಯ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ಅನಾಥಸೇವಾಶ್ರಮವನ್ನು ಕಟ್ಟಿದ ರಾಘವೇಂದ್ರ ಸ್ವಾಮೀಜಿಯವರೇ ಅವರು. 'ತಿರುಕ' ಎಂಬುದು ಅವರು ತಾವೇ ಇಟ್ಟುಕೊಂಡ ಕಾವ್ಯನಾಮ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ದೇಶದ ಉದ್ದಗಲಕ್ಕೂ ಅಂಗಸಾಧನೆಯ ಹೊಸ ಅಲೆ ಎದ್ದಿತ್ತು. ಪರಾಧೀನ ಜನರಿಗೆ ದೇಹಬಲವೂ ಸ್ವಾಭಿಮಾನದ ಒಂದು ಅಂಗವೆಂಬ ಭಾವನೆ ಅದರ ಹಿಂದಿತ್ತು. ಬರೋಡೆಯಲ್ಲಿ ಪ್ರೊ. ಮಾಣಿಕರಾವ್ ಅವರ ವ್ಯಾಯಾಮಶಾಲೆ ಹೆಸರಾಗಿತ್ತು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ತರುಣರನ್ನು ಹುರಿಗೊಳಿಸುತ್ತಿದ್ದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದರು. ಮಾಣಿಕರಾಯರ ಬಳಿ ಕಲಿತ ಸ್ವಾಮೀಜಿ ಆಯುರ್ವೇದ, ಯೋಗಗಳನ್ನೂ ಅಭ್ಯಾಸ ಮಾಡಿ, ಊರೂರು ಸುತ್ತಿ ಶಿಬಿರಗಳನ್ನು ನಡೆಸಿದರು.

ಆ ಅಲೆಮಾರಿ ಬದುಕು 1943ರಲ್ಲಿ ಮಲ್ಲಾಡಿಹಳ್ಳಿಯಲ್ಲಿ ನೆಲೆ ನಿಂತಿತು. ಆ ಸೀಮೆಯ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. 1907ರಲ್ಲಿ ಪೂರ್ಣಗೊಂಡ ವಾಣೀವಿಲಾಸ ಸಾಗರದಿಂದ ಹಿರಿಯೂರಿನ ಸುತ್ತ ಒಂದಿಷ್ಟು ನೆಲಕ್ಕೆ ನೀರಾವರಿ ದೊರೆತಿತ್ತು. ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಿಗಾದರೋ ಮಳೆ ಮತ್ತು ಕೆರೆಗಳೇ ಗತಿ. ಬೆಳೆ ಕೈಕೊಟ್ಟ ವರ್ಷ ಮಕ್ಕಳ ಓದೂ ನಿಂತಂತೆಯೇ. ಕಾಯಿಲೆ ಬಿದ್ದರೆ ಪೇಟೆಯ ದಾರಿ ಹಿಡಿಯಬೇಕು.

ಸ್ವಾಮೀಜಿ ಕೊಡಬಲ್ಲವರಾಗಿದ್ದದ್ದು ಎರಡು: ಸಾಧನೆ ಮತ್ತು ಔಷಧ. ಅವೆರಡೇ ಸಂಸ್ಥೆಯ ತಳಪಾಯವಾದವು. ಅವುಗಳ ಸುತ್ತ ಕ್ರಮೇಣ ಮಕ್ಕಳಿಗೆ ಊಟ, ವಸತಿ, ಪ್ರೌಢಶಾಲೆ, ಆಯುರ್ವೇದ ಆಸ್ಪತ್ರೆ, ಕಾಲೇಜುಗಳು ಬೆಳೆದುವು. ಮೊದಲು ಮೈ, ಆಮೇಲೆ ಅಕ್ಷರ ಎಂಬುದು ಈ ಆವರಣದ ಕಟ್ಟೋಣದಲ್ಲಿಯೇ ಕಾಣುವ ವಿಚಾರ. ಹಸಿದ ಹೊಟ್ಟೆಗೆ, ರೋಗದ ಮೈಗೆ ಪಾಠ ಹತ್ತದೆಂಬುದನ್ನು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಹಣ ಎಲ್ಲಿಂದ ಬಂತು? ಇದೇ ಜಿಲ್ಲೆಯ ಮುರುಘಾಮಠ, ಸಿರಿಗೆರೆ ಮಠಗಳೂ ವಿದ್ಯಾರ್ಥಿನಿಲಯಗಳನ್ನು ತೆರೆದು ಉಪಕರಿಸಿವೆ. ಆದರೆ ಅವುಗಳಿಗೆ ಪರಂಪರೆಯ ಬಲವಿತ್ತು, ಶಿಷ್ಯವರ್ಗದ ಆಸರೆಯಿತ್ತು. ಅನಾಥಸೇವಾಶ್ರಮಕ್ಕೆ ಇದ್ದದ್ದು ಜೋಳಿಗೆ ಮಾತ್ರ. ಸ್ವಾಮೀಜಿ ತಮ್ಮ ಆತ್ಮಕಥೆಗೆ 'ಜೋಳಿಗೆಯ ಪವಾಡ' ಎಂದು ಹೆಸರಿಟ್ಟಿರುವುದು ಅರ್ಥಪೂರ್ಣ.

ಭಿಕ್ಷೆ ನಮ್ಮ ನಾಡಿಗೆ ಹೊಸದಲ್ಲ. ಜಂಗಮರ ಕೋರಾನ್ನ, ಬಡ ವಿದ್ಯಾರ್ಥಿಗಳ ವಾರಾನ್ನ, ಎರಡೂ ನಮಗೆ ಗೊತ್ತು. ಹೊಟ್ಟೆಗಾಗಿ ಇದ್ದ ಆ ಪದ್ಧತಿ ಇಲ್ಲಿ ಸಂಸ್ಥೆಯ ಬಂಡವಾಳವಾಯಿತು. ದೊಡ್ಡ ದಾನಿಯೊಬ್ಬನ ಹಣದಲ್ಲಿ ಎದ್ದ ಕಟ್ಟಡ ಆ ದಾನಿಯ ಹೆಸರು ಹೊರುತ್ತದೆ. ಸೇರು ರಾಗಿ, ಒಂದು ರೂಪಾಯಿ ಕೊಟ್ಟವರೆಲ್ಲ ಸೇರಿ ಎಬ್ಬಿಸಿದ ಗೋಡೆಯನ್ನು ಊರು ತನ್ನದೆನ್ನುತ್ತದೆ. ಬೇಡುವವನೂ ಮತ್ತೆ ಅದೇ ಬಾಗಿಲಿಗೆ ಹೋಗಬೇಕಾದ್ದರಿಂದ ಕೊಟ್ಟವರಿಗೆ ಉತ್ತರ ಹೇಳಲೇಬೇಕು. ಜೋಳಿಗೆ ಹೀಗೆ ಲೆಕ್ಕಪತ್ರದ ಕೆಲಸವನ್ನೂ ಮಾಡುತ್ತದೆ.

ಸ್ವಾಮೀಜಿ 1996ರಲ್ಲಿ ಕಣ್ಮರೆಯಾದರು. ಹಣ ಬೇಡಿ ತರಬಹುದು, ವಿಶ್ವಾಸವನ್ನು ಹಾಗೆ ತರಲಾಗದು. ಅದನ್ನು ದಿನದಿನವೂ ಗಳಿಸಬೇಕು. ಕಟ್ಟಿದವರು ಹೋದ ಮೇಲೆ ಯಾವ ಸಂಸ್ಥೆಗೇ ಆಗಲಿ ಉಳಿಯುವ ಪರೀಕ್ಷೆ ಇದೇ. 'ತಿರುಕ' ಎಂಬ ಆ ಹೆಸರು ಮಲ್ಲಾಡಿಹಳ್ಳಿಯಲ್ಲಿ ಈ ಮಾತನ್ನು ಮರೆಯಗೊಡುವುದಿಲ್ಲ.