ನಾಲ್ಕು ಕೆಂಪು ನಕ್ಷತ್ರಗಳ ಊರು

1871ರ ಅಕ್ಟೋಬರ್ 8ರ ರಾತ್ರಿ ಶಿಕಾಗೋ ನಗರಕ್ಕೆ ಬೆಂಕಿ ಬಿತ್ತು. ಎರಡು ದಿನ ಉರಿದ ಆ ಬೆಂಕಿಗೆ ಸುಮಾರು 300 ಜನ ಬಲಿಯಾದರು. ಲಕ್ಷದಷ್ಟು ಜನ ಮನೆಮಠ ಕಳೆದುಕೊಂಡು ಬೀದಿಗೆ ಬಿದ್ದರು. ಆ ದುರಂತ ಈಗ ನಗರದ ಬಾವುಟದಲ್ಲಿ ಒಂದು ಕೆಂಪು ನಕ್ಷತ್ರ.

ಬಿಳಿ ಬಟ್ಟೆಯ ಮೇಲೆ ಅಡ್ಡಲಾಗಿ ಎರಡು ತಿಳಿನೀಲಿ ಪಟ್ಟೆ, ಅವುಗಳ ನಡುವೆ ಸಾಲಾಗಿ ನಾಲ್ಕು ಕೆಂಪು ನಕ್ಷತ್ರ. ಅಕ್ಷರವಿಲ್ಲ, ಮುದ್ರೆಯಿಲ್ಲ. ಮೇಲಿನ ನೀಲಿ ಎಂದರೆ ಮಿಷಿಗನ್ ಸರೋವರ ಮತ್ತು ಶಿಕಾಗೋ ನದಿಯ ಉತ್ತರದ ಕವಲು. ಕೆಳಗಿನದು ದಕ್ಷಿಣದ ಕವಲು ಮತ್ತು ಕಾಲುವೆ. ಮೂರು ಬಿಳಿ ಪಟ್ಟೆಗಳು ಊರಿನ ಉತ್ತರ, ಪಶ್ಚಿಮ, ದಕ್ಷಿಣ ಭಾಗಗಳು. ಊರಿನ ನಕ್ಷೆಯನ್ನೇ ಮಡಚಿ ಕಂಬಕ್ಕೆ ಕಟ್ಟಿದಂತಿದೆ.

ಇದನ್ನು ರೂಪಿಸಿದವರು ಕವಿ, ಉಪನ್ಯಾಸಕ ವಾಲೇಸ್ ರೈಸ್. 1917ರ ಏಪ್ರಿಲ್‌ನಲ್ಲಿ ನಗರಸಭೆ ಒಪ್ಪಿದಾಗ ನಕ್ಷತ್ರಗಳು ಎರಡೇ ಇದ್ದವು: 1871ರ ಬೆಂಕಿಗೊಂದು, 1893ರ ವಿಶ್ವಮೇಳಕ್ಕೊಂದು. ಐದು ಮೊನೆಯ ನಕ್ಷತ್ರ ರಾಜ್ಯ, ರಾಷ್ಟ್ರಗಳಿಗೆ ಸಲ್ಲುವುದೆಂದು ರೈಸ್ ಆರು ಮೊನೆಯದನ್ನು ಆರಿಸಿದರು. ಮುಂದೆ 1933ರ ವಿಶ್ವಮೇಳ ಮೂರನೆಯ ನಕ್ಷತ್ರ ತಂದಿತು. 1939ರಲ್ಲಿ ಸೇರಿದ್ದು ಡಿಯರ್‌ಬಾರ್ನ್ ಕೋಟೆಯ ನಕ್ಷತ್ರ. ಕೊನೆಗೆ ಬಂದರೂ, ಊರು ಹುಟ್ಟಿದ ಜಾಗ ಅದಾದ್ದರಿಂದ ಸಾಲಿನಲ್ಲಿ ಮೊದಲ ಸ್ಥಾನ ಅದಕ್ಕೇ.

1893ರ ನಕ್ಷತ್ರದಲ್ಲಿ ನಮಗೂ ಒಂದು ಪಾಲಿದೆ. ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ಆ ಮೇಳದ ಅಂಗವಾಗಿಯೇ ನಡೆದದ್ದು. ಅದರ ಹಿಂದಿನ ವರ್ಷ ಮೈಸೂರಿನಲ್ಲಿ ಅವರನ್ನು ಅತಿಥಿಯಾಗಿ ಬರಮಾಡಿಕೊಂಡವರು ಹತ್ತನೆಯ ಚಾಮರಾಜ ಒಡೆಯರು. 1894ರ ಜೂನ್‌ನಲ್ಲಿ ಸ್ವಾಮೀಜಿ ಶಿಕಾಗೋದಿಂದಲೇ ಮಹಾರಾಜರಿಗೆ ಪತ್ರ ಬರೆದರು.

ಬಾವುಟ ಕಚೇರಿಯ ಮಾಳಿಗೆಯಲ್ಲಷ್ಟೇ ಹಾರಿದರೆ ಅದು ಸರ್ಕಾರದ ಸ್ವತ್ತಾಗಿ ಉಳಿಯುತ್ತದೆ. ಶಿಕಾಗೋದವರು ಇದನ್ನು ಮನೆಯ ಮುಂದೆ ಹಾರಿಸುತ್ತಾರೆ, ಅಂಗಿಯ ಮೇಲೆ ತೊಡುತ್ತಾರೆ, ತೋಳಿಗೆ ಹಚ್ಚೆ ಹೊಯ್ಯಿಸಿಕೊಳ್ಳುತ್ತಾರೆ. ನಾಲ್ಕೇ ನಕ್ಷತ್ರ, ಎರಡೇ ಗೆರೆ. ಮಗುವೂ ನೆನಪಿನಿಂದ ಬರೆಯಬಲ್ಲದು. ಕರ್ತವ್ಯದಲ್ಲಿ ಜೀವ ತೆತ್ತ ಅಗ್ನಿಶಾಮಕ ಸಿಬ್ಬಂದಿಯ ಶವಪೆಟ್ಟಿಗೆಗೆ ಹೊದಿಸುವುದೂ ಇದನ್ನೇ. 1871ರ ಬೆಂಕಿಯನ್ನು ನೆನಪಿಟ್ಟುಕೊಂಡ ಬಟ್ಟೆ, ಬೆಂಕಿಗೆ ಎದೆಕೊಟ್ಟವರನ್ನು ಮುಚ್ಚಿ ಕಳಿಸಿಕೊಡುತ್ತದೆ.