ನಿಮಗಿದು ಗೊತ್ತೆ? ಮರಿ ಹಾಕಿದರೆ ಪರಿಹಾರ!

ಸ್ವೀಡನ್ನಿನ ಉತ್ತರದಲ್ಲಿ, ಧ್ರುವವೃತ್ತದಾಚೆ ಇರುವ ಸಾರೆಕ್ ರಾಷ್ಟ್ರೀಯ ಉದ್ಯಾನದೊಳಗೆ ರಸ್ತೆಯಿಲ್ಲ, ಸಫಾರಿ ಜೀಪಿಲ್ಲ, ಪ್ರವಾಸಿಗರಿಗೆ ವಸತಿಗೃಹವೂ ಇಲ್ಲ. 1909ರಲ್ಲಿ ಘೋಷಣೆಯಾದ ಇದು ಯುರೋಪಿನ ಮೊದಮೊದಲ ರಾಷ್ಟ್ರೀಯ ಉದ್ಯಾನಗಳಲ್ಲೊಂದು. ಡೇರೆ, ದಿನಸಿ ಎಲ್ಲ ಬೆನ್ನಿಗೇರಿಸಿಯೇ ನಡೆಯಬೇಕು. ಹೊಳೆ ಅಡ್ಡ ಬಂದರೆ ಹೆಚ್ಚಿನ ಕಡೆ ನೀರಿಗಿಳಿದೇ ದಾಟಬೇಕು. ಮೇಲೆ ಸುಮಾರು 100 ಹಿಮನದಿಗಳು, ಕೆಳಗೆ ಬರ್ಚ್ ಕಾಡು, ರಾಪಾ ಕಣಿವೆಯ ಜೌಗು.

ಸ್ವೀಡನ್ನಿನಲ್ಲಿರುವ ಏಕೈಕ ಕಾಡುಬೆಕ್ಕಿನ ಜಾತಿಯಾದ ಲಿಂಕ್ಸ್‌ಗೂ ಇದು ನೆಲೆ. ಕಿವಿತುದಿಯಲ್ಲಿ ಕಪ್ಪು ಕುಚ್ಚು, ಮೋಟು ಬಾಲ, ಹಿಮದಲ್ಲಿ ಹೂತುಹೋಗದಂಥ ಅಗಲವಾದ ರೋಮದ ಪಾದ. ಊಟಕ್ಕೆ ಮಾತ್ರ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರು ಸಾಕಿದ ಹಿಮಸಾರಂಗವೇ ಬೇಕು!

ನಮ್ಮಲ್ಲಿ ಚಿರತೆ ದನ ಕೊಂದರೆ ಪಂಚನಾಮೆ, ಅರ್ಜಿ, ಆಮೇಲೆ ಪರಿಹಾರ. ಅಲ್ಲಿ 1996ರಿಂದ ಪದ್ಧತಿಯೇ ಬೇರೆ. ಲಿಂಕ್ಸ್ ಕೊಂದ ಸಾರಂಗಗಳನ್ನು ಎಣಿಸುವುದಿಲ್ಲ. ಆ ಸೀಮೆಯಲ್ಲಿ ಎಷ್ಟು ಲಿಂಕ್ಸ್‌ಗಳು ಮರಿ ಹಾಕಿವೆ ಎಂದು ನೋಡಿ ಸಾಮಿ ಸಮುದಾಯಕ್ಕೆ ಸರ್ಕಾರ ಹಣ ಕೊಡುತ್ತದೆ. ಬೆಕ್ಕು ಬದುಕಿದಷ್ಟೂ ಕುರುಬನಿಗೆ ಲಾಭ. ಜಾಣ ಲೆಕ್ಕ!

ಹೋಗುವ ಮನಸ್ಸಿದ್ದವರಿಗೆ ಜುಲೈ, ಆಗಸ್ಟ್ ಒಳ್ಳೆಯ ಕಾಲ. ಲಿಂಕ್ಸ್ ಕಣ್ಣಿಗೆ ಬೀಳುವುದು ಬಲು ಅಪರೂಪ.